ಸಮತೋಲನವೂ ದಾರಿ ತಪ್ಪಿಸಬಹುದು
(ಪತ್ರಿಕೋದ್ಯಮ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ಎರಡೂ ಕಡೆಯವರ ಮಾತು ಕೇಳಿ ಬರೆಯಬೇಕು ಎಂಬುದು ಪತ್ರಿಕಾ ವೃತ್ತಿಯ ಮೊದಲ ಪಾಠ. ಚುನಾವಣೆಗೆ, ಜಮೀನಿನ ತಗಾದೆಗೆ ಈ ಪಾಠ ಸರಿ. ವಿಜ್ಞಾನದ ಸುದ್ದಿಗೂ ಅದನ್ನೇ ಕಣ್ಣುಮುಚ್ಚಿ ಅನ್ವಯಿಸಿದರೆ ಏನಾಗುತ್ತದೆ? ಬ್ರಿಟನ್ನಿನ ಎಂಎಂಆರ್ ಲಸಿಕೆಯ ಪ್ರಕರಣ ಇದಕ್ಕೆ ಉತ್ತರ ಕೊಡುತ್ತದೆ.

ದಡಾರ, ಮಂಗನಬಾವು, ರುಬೆಲ್ಲಾ ಈ ಮೂರನ್ನೂ ತಡೆಯುವ ಒಂದೇ ಚುಚ್ಚುಮದ್ದು ಎಂಎಂಆರ್. ಬ್ರಿಟನ್ನಿನಲ್ಲಿ ಇದು 1988ರಲ್ಲಿ ಜಾರಿಗೆ ಬಂತು. 1998ರ ಫೆಬ್ರುವರಿಯಲ್ಲಿ ಡಾ. ಆಂಡ್ರೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಪ್ರಬಂಧ 'ಲ್ಯಾನ್ಸೆಟ್' ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಒಳಪಟ್ಟ ಮಕ್ಕಳು ಕೇವಲ 12. ಲಸಿಕೆಗೂ ಮಕ್ಕಳ ತೊಂದರೆಗೂ ಸಂಬಂಧ ರುಜುವಾತಾಗಿಲ್ಲ ಎಂದು ಪ್ರಬಂಧವೇ ಹೇಳಿತ್ತು. ಆದರೆ ಪತ್ರಿಕಾಗೋಷ್ಠಿಯಲ್ಲಿ ವೇಕ್‌ಫೀಲ್ಡ್, ಮೂರು ಲಸಿಕೆಗಳನ್ನೂ ಬಿಡಿಬಿಡಿಯಾಗಿ ಕೊಡುವುದು ಲೇಸು ಎಂದರು. ಪ್ರಬಂಧದ ಎಚ್ಚರಿಕೆ ಮೂಲೆಗೆ ಸರಿಯಿತು. ಗೋಷ್ಠಿಯ ಮಾತು ತಲೆಬರಹವಾಯಿತು.

2001ರ ಕೊನೆಗೆ, ಕಿರಿಯ ಮಗನಿಗೆ ಈ ಲಸಿಕೆ ಹಾಕಿಸಿದ್ದೀರಾ ಎಂಬ ಪ್ರಶ್ನೆಗೆ ಆಗಿನ ಪ್ರಧಾನಿ ಟೋನಿ ಬ್ಲೇರ್ ಉತ್ತರಿಸಲಿಲ್ಲ. ಅಲ್ಲಿಂದ ವಿಜ್ಞಾನದ ಸುದ್ದಿ ರಾಜಕೀಯದ ಸುದ್ದಿಯಾಯಿತು. 2002ರಲ್ಲಿ ಡೆನ್ಮಾರ್ಕಿನ ಸಂಶೋಧಕರು 5 ಲಕ್ಷ 37 ಸಾವಿರ ಮಕ್ಕಳ ದಾಖಲೆ ಪರಿಶೀಲಿಸಿ, ಲಸಿಕೆಗೂ ಆಟಿಸಂಗೂ ಸಂಬಂಧ ಕಾಣುವುದಿಲ್ಲ ಎಂದರು. ತಕ್ಕಡಿಯ ಒಂದು ತಟ್ಟೆಯಲ್ಲಿ 12 ಮಕ್ಕಳು, ಇನ್ನೊಂದರಲ್ಲಿ ಐದು ಲಕ್ಷಕ್ಕೂ ಹೆಚ್ಚು. ವರದಿಗಳಲ್ಲಿ ಮಾತ್ರ ತಕ್ಕಡಿ ಸಮನಾಗಿಯೇ ನಿಂತಿತ್ತು. ಎರಡೂ ಕಡೆಗೆ ಸಮಾನ ಸಾಕ್ಷ್ಯ ಇದೆಯೆಂದು ಅರ್ಧಕ್ಕಿಂತ ಹೆಚ್ಚು ಜನ ನಂಬಿದ್ದರು ಎಂಬುದನ್ನು ಕಾರ್ಡಿಫ್ ವಿಶ್ವವಿದ್ಯಾಲಯದ ಅಧ್ಯಯನ 2003ರಲ್ಲಿ ತೋರಿಸಿತು. ಪತ್ರಿಕೆಗಳು ಸುಳ್ಳು ಬರೆದಿರಲಿಲ್ಲ, ಅಳತೆ ತಪ್ಪಿದ್ದವು.

ಮಾತಿನ ತೊಡಕೂ ಇತ್ತು. 'ಅಪಾಯವಿದೆ ಎಂಬುದಕ್ಕೆ ಸಾಕ್ಷ್ಯವಿಲ್ಲ' ಎನ್ನುವುದು ವಿಜ್ಞಾನಿಯ ಭಾಷೆ. ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಗೆ ಅದು ಜಾರಿಕೆಯ ಉತ್ತರದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಆ ಭಾಷೆಯನ್ನು ಬಿಡಿಸಿ ಹೇಳಬೇಕಾದವನು ವರದಿಗಾರ.

ಇಂಗ್ಲೆಂಡಿನಲ್ಲಿ ಲಸಿಕೆ ಪಡೆದ ಎರಡು ವರ್ಷದ ಮಕ್ಕಳ ಪ್ರಮಾಣ ಶೇ 92ರಿಂದ 2003-04ರ ವೇಳೆಗೆ ಶೇ 80ಕ್ಕೆ ಇಳಿಯಿತು. ಆಗ ಲಸಿಕೆ ತಪ್ಪಿದ ಮಕ್ಕಳು ಬೆಳೆದ ಮೇಲೆ, 2013ರಲ್ಲಿ ವೇಲ್ಸ್‌ನ ಸ್ವಾನ್ಸಿ ಸುತ್ತಮುತ್ತ ದಡಾರ ಹಬ್ಬಿ 1,200ಕ್ಕೂ ಹೆಚ್ಚು ಪ್ರಕರಣ ವರದಿಯಾದವು. ಒಬ್ಬರು ಸತ್ತರು.

ಆದರೆ ನಿಜವನ್ನು ಹೊರಗೆಳೆದವರೂ ಪತ್ರಕರ್ತರೇ. ಲಸಿಕೆ ಕಂಪನಿಗಳ ವಿರುದ್ಧ ದಾವೆಗೆ ಸಿದ್ಧರಾಗಿದ್ದ ವಕೀಲರಿಂದ ವೇಕ್‌ಫೀಲ್ಡ್ ಹಣ ಪಡೆದಿದ್ದರು ಎಂಬುದನ್ನು 'ಸಂಡೇ ಟೈಮ್ಸ್'ನ ಬ್ರಯಾನ್ ಡೀರ್ 2004ರಲ್ಲಿ ಬಯಲು ಮಾಡಿದರು. 13 ಲೇಖಕರ ಪೈಕಿ 10 ಮಂದಿ ಪ್ರಬಂಧದ ವ್ಯಾಖ್ಯಾನದಿಂದ ಹಿಂದೆ ಸರಿದರು. 2010ರಲ್ಲಿ 'ಲ್ಯಾನ್ಸೆಟ್' ಪ್ರಬಂಧವನ್ನೇ ಹಿಂತೆಗೆದುಕೊಂಡಿತು. ಅದೇ ವರ್ಷ ವೇಕ್‌ಫೀಲ್ಡ್ ಹೆಸರು ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ಹೊರಬಿತ್ತು.

ಹೊಸ ಸಂಶೋಧನೆಯ ಸುದ್ದಿ ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕೇ. ಎಷ್ಟು ಜನರನ್ನು ನೋಡಿದ್ದಾರೆ? ಯಾರೊಂದಿಗೆ ಹೋಲಿಸಿದ್ದಾರೆ? ಬೇರೆಯವರಿಗೂ ಇದೇ ಫಲಿತಾಂಶ ಸಿಕ್ಕಿದೆಯೆ? ಹಣ ಕೊಟ್ಟವರು ಯಾರು? ಉತ್ತರ ಸಿಗದಿದ್ದರೆ ಆ ಸಂಗತಿಯನ್ನೂ ವರದಿಯಲ್ಲಿ ಬರೆಯಬೇಕು, ಕೊನೆಯ ಸಾಲಿನಲ್ಲಲ್ಲ, ಮೊದಲ ಪ್ಯಾರಾದಲ್ಲಿ.