ಹಿರಿಯರ ಸ್ಮರಣಶಕ್ತಿ ತಪಾಸಣೆ ಮತ್ತು ಆರೋಗ್ಯ ವಿಮೆ

(ಹಿರಿಯ ನಾಗರಿಕರ ದಿನದ ಅಂಗವಾಗಿ ಗ್ರಾಮ ಪಂಚಾಯಿತಿ ಸದಸ್ಯರು, ಕಾರ್ಯದರ್ಶಿಗಳು ಹಾಗೂ ಆಶಾ ಕಾರ್ಯಕರ್ತೆಯರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



ನಾನು ವೈದ್ಯನಲ್ಲ, ಎಂಜಿನಿಯರಿಂಗ್ ಪದವೀಧರ. ಆದರೂ ಈ ವಿಷಯ ಕುರಿತು ಮಾತನಾಡಲು ಒಪ್ಪಿದ್ದಕ್ಕೆ ಕಾರಣ ನನ್ನ ಮನೆಯಲ್ಲಿಯೇ ಇದೆ.

ಬಸವನಗುಡಿಯಲ್ಲಿ ವಾಸವಾಗಿರುವ ನನ್ನ ತಂದೆಯವರು ನಿವೃತ್ತ ಉಪಾಧ್ಯಾಯರು. ಮೂವತ್ತು ವರ್ಷ ಕಾಲ ಪ್ರತಿದಿನ ಗಾಂಧಿ ಬಜಾರಿಗೆ ನಡೆದು ಹೋಗಿ ಪೂಜೆಗೆ ಹೂವು ತಂದವರು. ಒಂದು ಬೆಳಿಗ್ಗೆ ಹೂವಿನ ಪೊಟ್ಟಣ ಹಿಡಿದು ದೊಡ್ಡ ಗಣಪತಿ ದೇವಾಲಯದ ಬಳಿ ನಿಂತು, ತಮ್ಮ ಮನೆಯ ದಾರಿ ಯಾವುದೆಂದು ಅಪರಿಚಿತರನ್ನು ಕೇಳಿದರು.

ಅವರನ್ನು ಎರಡು ದಿನ ಆಸ್ಪತ್ರೆಯಲ್ಲಿರಿಸಿ ರಕ್ತಪರೀಕ್ಷೆ, ಮೆದುಳಿನ ಸ್ಕ್ಯಾನಿಂಗ್, ಸ್ಮರಣಶಕ್ತಿ ಪರೀಕ್ಷೆ ಮಾಡಿಸಿದೆವು. ಹತ್ತು ವರ್ಷ ಕಂತು ಕಟ್ಟಿದ ವಿಮೆಯಿತ್ತು. ಕೇವಲ ತಪಾಸಣೆಗಾಗಿ ದಾಖಲಾಗಿರುವುದರಿಂದ ವೆಚ್ಚ ಭರಿಸಲಾಗದು ಎಂಬ ಉತ್ತರ ಬಂದಿತು. ಕೋಪದಿಂದ ಪಾಲಿಸಿಯನ್ನು ತೆರೆದು ಓದಿದೆ. ಆ ಷರತ್ತು ಮೊದಲಿನಿಂದಲೂ ಅಲ್ಲಿಯೇ ಇತ್ತು, ನಾನು ಓದಿರಲಿಲ್ಲ.

ನಮ್ಮ ವಿಮಾ ವ್ಯವಸ್ಥೆ ಬಹುಮಟ್ಟಿಗೆ ಆಸ್ಪತ್ರೆಯ ಹಾಸಿಗೆಯನ್ನು ಆಧರಿಸಿದೆ. ಚಿಕಿತ್ಸೆಯಿಲ್ಲದೆ ಪರೀಕ್ಷೆಗಾಗಿ ಮಾತ್ರ ದಾಖಲಾಗುವುದನ್ನು ಖಾಸಗಿ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಾಗುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯೂ ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ ಮೀಸಲು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸ್ಮೃತಿಯ ಗಂಭೀರ ಏರುಪೇರನ್ನೂ ಮಾನಸಿಕ ಅಸ್ವಸ್ಥತೆಯ ವ್ಯಾಖ್ಯಾನದಲ್ಲಿ ಸೇರಿಸಿದೆ. ಅಂತಹ ಚಿಕಿತ್ಸೆಗೆ ದೈಹಿಕ ಕಾಯಿಲೆಗೆ ಸಮಾನವಾದ ವಿಮೆ ಇರಬೇಕೆಂದು ವಿಧಿಸಿದೆ. ಆದರೆ ಸ್ಮರಣಶಕ್ತಿಯ ಪ್ರಾಥಮಿಕ ತಪಾಸಣೆ ನಡೆಯುವುದು ಹಾಸಿಗೆಯ ಮೇಲಲ್ಲ, ವೈದ್ಯರೆದುರಿನ ಕುರ್ಚಿಯಲ್ಲಿ. ಇಂದಿನ ದಿನಾಂಕವೇನು, ಹೇಳಿದ ಮೂರು ಪದ ನೆನಪಿದೆಯೇ, ಗಡಿಯಾರದ ಚಿತ್ರ ಬರೆಯಬಲ್ಲರೇ ಎಂಬಂತಹ ಕೆಲವು ನಿಮಿಷಗಳ ಪ್ರಶ್ನೆಗಳವು. ಅಮೆರಿಕದ ಮೆಡಿಕೇರ್ ವಿಮೆಯು 2011ರಿಂದ ಹಿರಿಯರ ವಾರ್ಷಿಕ ಆರೋಗ್ಯ ಭೇಟಿಯಲ್ಲಿಯೇ ಇದನ್ನು ಸೇರಿಸಿದೆ.

ಸೇತುವೆಯ ಬಿರುಕನ್ನು ಮೊದಲೇ ಕಂಡರೆ ದುರಸ್ತಿ ಸುಲಭ. ಇಲ್ಲಿಯೂ ಹಾಗೆಯೇ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇವುಗಳಿಂದಲೂ ಮರೆವು ಬರುತ್ತದೆ, ಇವಕ್ಕೆ ಚಿಕಿತ್ಸೆಯಿದೆ. ತಂದೆಯವರಲ್ಲಿ ಬಿ12 ತೀರ ಕಡಿಮೆಯಿತ್ತು. ಚುಚ್ಚುಮದ್ದಿನಿಂದ ಕೊಂಚ ಚೇತರಿಸಿಕೊಂಡರು; ಉಳಿದ ಮರೆವು ಹಾಗೆಯೇ ಉಳಿಯಿತು. ಎರಡು ವರ್ಷ ಮೊದಲು ಅವರು ಹಾಲಿನ ಲೆಕ್ಕ ತಪ್ಪಿದಾಗ, ವಯಸ್ಸಾಯಿತೆಂದು ನಾವೆಲ್ಲ ನಕ್ಕಿದ್ದೆವು.

ಇದು ನಗರದವರ ಚಿಂತೆಯೆಂದು ತಾವು ಭಾವಿಸಬಾರದು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದಂತೆ ದೇಶದ 60 ವರ್ಷ ಮೀರಿದವರಲ್ಲಿ ಶೇ. 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆ. ಗ್ರಾಮೀಣ ಭಾಗದಲ್ಲಿ ಈ ಪ್ರಮಾಣ ನಗರಕ್ಕಿಂತ ಹೆಚ್ಚು.

ವಿಮೆ ಬದಲಾಗುವವರೆಗೆ ಕಾಯಬೇಕಿಲ್ಲ. ನಿಮ್ಹಾನ್ಸ್ ಸಹಯೋಗದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವು 2022ರಲ್ಲಿ ಜಯನಗರ, ಕೋಲಾರ, ಚಿಕ್ಕಬಳ್ಳಾಪುರಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಆರಂಭವಾಯಿತು. ಅಲ್ಲಿ ಪರೀಕ್ಷೆಗೆ ಒಳರೋಗಿಯಾಗಿ ದಾಖಲಾಗಬೇಕಿಲ್ಲ. ನಮ್ಮ ಮನೆಯಿಂದ ಜಯನಗರ ಕೂಗಳತೆಯ ದೂರ. ಅದೂ ನನಗೆ ತಿಳಿದಿರಲಿಲ್ಲ.

ಆದ್ದರಿಂದ ತಮ್ಮಲ್ಲಿ ಮೂರು ವಿನಂತಿಗಳು.

ಮೊದಲನೆಯದು, ಆಶಾ ಸಹೋದರಿಯರು ತುಂಬುವ ಸಿಬ್ಯಾಕ್ ನಮೂನೆಯಲ್ಲಿ, ಆಪ್ತರ ಹೆಸರು ಅಥವಾ ಸ್ವಂತ ಮನೆಯ ವಿಳಾಸ ಮರೆಯುತ್ತೀರಾ ಎಂದು 60 ದಾಟಿದವರನ್ನು ಕೇಳುವ ಪ್ರಶ್ನೆಯಿದೆ. ಅದನ್ನು ಮನೆಯವರ ಸಮ್ಮುಖದಲ್ಲಿ ನಿಧಾನವಾಗಿ ಕೇಳಿರಿ. ಹೌದೆಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿರಿ.

ಎರಡನೆಯದು, ಹಿರಿಯರ ಸಹಾಯವಾಣಿ 14567 ಮತ್ತು ಟೆಲಿಮಾನಸ್ 14416 ಸಂಖ್ಯೆಗಳನ್ನು ಪಂಚಾಯಿತಿ ಕಚೇರಿಯ ಸೂಚನಾಫಲಕದಲ್ಲಿ ದಪ್ಪಕ್ಷರದಲ್ಲಿ ಬರೆಯಿಸಿರಿ.

ಮೂರನೆಯದು, ಹೊರರೋಗಿ ಸ್ಮರಣಶಕ್ತಿ ತಪಾಸಣೆಯನ್ನು ಸರ್ಕಾರಿ ಆರೋಗ್ಯ ಯೋಜನೆಯ ವ್ಯಾಪ್ತಿಗೆ ತರುವಂತೆ ಗ್ರಾಮಸಭೆಗಳಲ್ಲಿ ನಿರ್ಣಯ ಅಂಗೀಕರಿಸಿ ಜಿಲ್ಲಾ ಪಂಚಾಯತಿಗೆ ಕಳುಹಿಸಿರಿ.

ತಂದೆಯವರು ಈಗಲೂ ಗಾಂಧಿ ಬಜಾರಿಗೆ ಹೋಗುತ್ತಾರೆ, ನನ್ನ ಕೈ ಹಿಡಿದು. ಅವರ ಜೇಬಿನಲ್ಲಿ ವಿಳಾಸದ ಚೀಟಿಯಿರುತ್ತದೆ. ತಮ್ಮ ಗ್ರಾಮದ ಹಿರಿಯರು ದಾರಿ ತಪ್ಪುವ ಮೊದಲೇ ಆ ಒಂದು ಪ್ರಶ್ನೆಯನ್ನು ಕೇಳಿರೆಂದು ಪ್ರಾರ್ಥಿಸಿ ನನ್ನ ಮಾತು ಮುಗಿಸುತ್ತೇನೆ.