ಹಳೆಯ ಮನೆಗೆ ಹೊಸ ಕಳೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ಕಾಪಾಡಿಕೊಂಡು ಹೋಗುವ ಕಷ್ಟದ ಮಾತು ಆ ಗಾದೆಯಲ್ಲಿಲ್ಲ. ಅಜ್ಜಂದಿರು ಕಟ್ಟಿಸಿದ ಮಣ್ಣಿನ ಗೋಡೆಯ ಮಾಳಿಗೆ ಮನೆಗಳು ಗದಗ-ಬೆಟಗೇರಿಯ ಓಣಿಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳೆಯ ಪೇಟೆಗಳಲ್ಲಿ ಇನ್ನೂ ಉಳಿದಿವೆ. ದೀಪಾವಳಿ ಸಮೀಪಿಸಿತೆಂದರೆ ಅವುಗಳ ಯಜಮಾನರಿಗೆ ಒಂದೇ ಚಿಂತೆ: ಕೆಡವಿ ಹೊಸದು ಕಟ್ಟಿಸುವದೋ, ಇದ್ದುದನ್ನೇ ನೆಟ್ಟಗೆ ಮಾಡಿಕೊಳ್ಳುವದೋ? ಕೆಡವುವ ಮೊದಲು ಮನೆಮಂದಿಯೆಲ್ಲ ಕೂಡಿ ಕೈಯಾರೆ ಮಾಡಬಹುದಾದ ಕೆಲಸಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲನೆಯದು ನೀರಿನ ಮಾತು. ಮಣ್ಣಿನ ಮನೆಗೆ ವಯಸ್ಸಿಗಿಂತ ನೀರು ದೊಡ್ಡ ವೈರಿ. ಮಾಳಿಗೆಯ ಮೇಲೆ ಬೆಳೆದ ಹುಲ್ಲನ್ನೂ ಅರಳಿಯ ಸಸಿಯನ್ನೂ ಬೇರುಸಹಿತ ಕಿತ್ತು, ನೀರು ಹೋಗುವ ಕೊಳವೆಯನ್ನು ಸ್ವಚ್ಛ ಮಾಡಿರಿ. ಹಿರಿಯರು ಮಾಳಿಗೆಗೆ ಸವಳು ಮಣ್ಣು ಹಾಕುತ್ತಿದ್ದುದು ಸುಮ್ಮನೆ ಅಲ್ಲ. ನೀರು ತಾಗಿದಾಗ ಅದರ ನುಣುಪಾದ ಕಣಗಳು ಹರಡಿ ಸಂದುಗಳನ್ನು ಮುಚ್ಚುತ್ತವೆ. ಆದರೆ ಹಳೆಯ ಪದರನ್ನು ಕೆರೆದು ತೆಗೆಯದೆ ವರ್ಷವರ್ಷವೂ ಹೊಸ ಮಣ್ಣು ಹಾಕುತ್ತ ಹೋದರೆ ಜಂತಿಗಳ ಮೇಲೆ ಭಾರ ಏರುತ್ತದೆ. ಜಡಿಮಳೆಯಲ್ಲಿ ಮಾಳಿಗೆ ಕುಸಿಯುವದಕ್ಕೆ ಅದೂ ಒಂದು ಕಾರಣ.

ಎರಡನೆಯದು ಗೋಡೆಯ ಮಾತು. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದರೆ ಗಟ್ಟಿಯಾಗುತ್ತದೆಂದು ಬಹಳ ಜನ ನಂಬಿದ್ದಾರೆ. ಮಣ್ಣೂ ಸುಣ್ಣವೂ ಒಳಗಿನ ತೇವವನ್ನು ಹೊರಗೆ ಬಿಡುತ್ತವೆ. ಸಿಮೆಂಟು ಅದನ್ನು ತಡೆಯುತ್ತದೆ. ಬಿರುಕಿನಿಂದ ಒಳಹೊಕ್ಕ ನೀರು ಹೊರಬರಲಾರದೆ ಹಿಂದಿನ ಮಣ್ಣನ್ನು ಸಡಿಲಿಸುತ್ತದೆ. ಕೆಲವು ವರ್ಷಗಳಲ್ಲಿ ಗಿಲಾವು ಹಾಳೆಹಾಳೆಯಾಗಿ ಕಳಚುತ್ತದೆ. ಲಕ್ಷ್ಮೇಶ್ವರವೆಂದರೆ ಹಿಂದಿನ ಪುಲಿಗೆರೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಮಾತನ್ನು ಕನ್ನಡದ ತಿರುಳೆಂದು ಕರೆದ 9ನೆಯ ಶತಮಾನದ ‘ಕವಿರಾಜಮಾರ್ಗ’ವೇ ಹೊಂದದ ಪದಗಳನ್ನು ಸಮಾಸದಲ್ಲಿ ಬೆರಸಬಾರದೆಂದು ಎಚ್ಚರಿಸಿದೆ. ಶಾಲೆಯ ಹುಡುಗರೂ ಬಲ್ಲ ಅರಿಸಮಾಸವದು. ಮಣ್ಣಿನ ಮೇಲಿನ ಸಿಮೆಂಟು ಗೋಡೆಯ ಅರಿಸಮಾಸ. ಕೆಮ್ಮಣ್ಣಿಗೆ ಹೊಟ್ಟು ಬೆರಸಿ, ತುಳಿದು, ಕೆಲವು ದಿನ ಕಳಿಯಲು ಬಿಟ್ಟು ಮೆತ್ತಿದರೆ ಹಳೆಯ ಗೋಡೆ ಅದನ್ನು ತನ್ನದೆಂದು ಹಿಡಿದುಕೊಳ್ಳುತ್ತದೆ.

ಅದು ಒಣಗಿದ ಮೇಲೆ ಸುಣ್ಣ. ಸುಟ್ಟ ಸುಣ್ಣದ ಹರಳನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಹಾಕಬೇಕೇ ಹೊರತು ಸುಣ್ಣದ ಮೇಲೆ ನೀರು ಸುರಿಯಬಾರದು. ಅದು ಕುದಿದು ಸಿಡಿಯುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಬಕೆಟ್ಟು ಬೇಡ. ಕಬ್ಬಿಣದ ಪಾತ್ರೆ ಇರಲಿ. ಮಕ್ಕಳು ದೂರವಿರಲಿ, ಕಣ್ಣು ಜೋಪಾನ. ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಿ, ತುಸು ಅಂಟು ಬೆರಸಿರಿ. ಗೋಡೆಗೆ ನೀರು ಚಿಮುಕಿಸಿ ತೆಳ್ಳಗೆ ಬಳಿಯಿರಿ. ದಪ್ಪನೆಯ ಒಂದು ಕೈಗಿಂತ ತೆಳುವಾದ ಮೂರು ಕೈ ಲೇಸು.

ಇನ್ನು ಅಂದಚಂದದ ಮಾತು. ಮಾದರಿಗಾಗಿ ದೂರ ಹೋಗಬೇಕಾಗಿಲ್ಲ. ಬೆಟಗೇರಿಯ ನೇಕಾರರು ಬಲ್ಲಂತೆ, ಸೀರೆಯ ಒಡಲು ಶಾಂತವಾಗಿದ್ದು ಅಂಚು ಗಾಢವಾಗಿದ್ದರೆ ಕಣ್ಣಿಗೆ ಹಿತ. ಬಿಳಿಯ ಗೋಡೆಯ ಬುಡಕ್ಕೆ ಒಂದು ಮೊಳ ಎತ್ತರದ ಕೆಮ್ಮಣ್ಣಿನ ಪಟ್ಟಿ ಎಳೆದರೆ ಅದೇ ಅಂಚು; ಕೆಸರಿನ ಸಿಡಿಯೂ ಅದರಲ್ಲಿ ಅಡಗುತ್ತದೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡವನ್ನು ನೋಡಿರಿ. ಒಂದರ ಪಕ್ಕಕ್ಕೊಂದು ಕಿರಿದಾದ ಪಟ್ಟಿಗಳು, ಒಂದೊಂದರ ಕೆತ್ತನೆ ಬೇರೆ ಬೇರೆ. ಅದರಲ್ಲಿ ಒಂದೇ ಪಟ್ಟಿಯ ಬಳ್ಳಿಯನ್ನು ಆರಿಸಿಕೊಂಡು ನಿಮ್ಮ ತಲೆಬಾಗಿಲ ಸುತ್ತ ಬರೆದರೆ ಸಾಕು.

ಮುಂಡರಗಿ ತಾಲೂಕಿನ ಡಂಬಳದ ದೊಡ್ಡಬಸಪ್ಪನ ಗುಡಿಯ ಗರ್ಭಗೃಹವು ಹೊರಗಿನಿಂದ 24 ಮೂಲೆಗಳ ನಕ್ಷತ್ರದಂತಿದೆ. ಚೌಕವನ್ನು ಒಂದೇ ನಡುವಿನ ಸುತ್ತ ತಿರುಗಿಸಿದರೆ ಆ ಆಕಾರ ದೊರೆಯುತ್ತದೆ. ರಟ್ಟಿನ ಚೌಕದ ನಟ್ಟನಡುವೆ ಮೊಳೆ ಚುಚ್ಚಿ ಸುತ್ತಲೂ ಗೆರೆ ಎಳೆಯಿರಿ. 45 ಅಂಶ ತಿರುಗಿಸಿ ಇನ್ನೊಮ್ಮೆ ಎಳೆದರೆ 8 ಮೂಲೆ. 15 ಅಂಶಕ್ಕೊಮ್ಮೆ ತಿರುಗಿಸುತ್ತ ಒಟ್ಟು ಆರು ಚೌಕ ಎಳೆದರೆ 24. ಮಕ್ಕಳು ಕಂಪಾಸಿನ ಪೆಟ್ಟಿಗೆ ಹಿಡಿದು ಪಡಸಾಲೆಯ ನೆಲದ ಮೇಲೆ ಇದನ್ನು ಮೂಡಿಸಬಲ್ಲರು. ಕ್ಷೇತ್ರಗಣಿತದ ಪಾಠವೂ ಆಗುತ್ತದೆ.

ಕೈಯಾರೆ ಮಾಡಬಾರದ ಕೆಲಸಗಳೂ ಇವೆ. ಪಡಸಾಲೆ ದೊಡ್ಡದಾಗಲೆಂದು ನಡುವಿನ ಕಂಬ ತೆಗೆಯುವದು, ಗೋಡೆ ಒಡೆದು ಬಾಗಿಲು ಮಾಡುವದು ಅಂಥವು. ಮಾಳಿಗೆಯ ಭಾರ ಜಂತಿಯಿಂದ ತೊಲೆಗೆ, ತೊಲೆಯಿಂದ ಬೋದಿಗೆಗೆ, ಬೋದಿಗೆಯಿಂದ ಕಂಬಕ್ಕೆ ಇಳಿಯುತ್ತದೆ. ಆ ಸಾಲಿನಲ್ಲಿ ಒಂದನ್ನು ಕಿತ್ತರೆ ಉಳಿದವು ನಿಲ್ಲಲಾರವು. ಹಾಗೆ ಮಾಡಲೇಬೇಕಾದರೆ ಅನುಭವಸ್ಥ ಗೌಂಡಿಯನ್ನೂ ಬಡಿಗನನ್ನೂ ಕೂಡಿಸಿ ಕೇಳಿರಿ. ಗೋಡೆ ಬಾಗಿದ್ದರೆ, ತೊಲೆಗೆ ಗೆದ್ದಲು ಹತ್ತಿದ್ದರೆ, ಬಣ್ಣದ ವಿಚಾರ ಆಮೇಲೆ. ವಿದ್ಯುತ್ತಿನ ತಂತಿಯ ಕೆಲಸವನ್ನು ಅದನ್ನು ಬಲ್ಲವರಿಗೇ ಬಿಡಿರಿ.

ಹೀಗೆ ಅನುಕ್ರಮ ತಪ್ಪದೆ ನಡೆದರೆ ಖರ್ಚು ತಗ್ಗುತ್ತದೆ, ಮನೆ ಉಳಿಯುತ್ತದೆ. ಈ ಸಲ ಬಣ್ಣದ ಅಂಗಡಿಗೆ ಹೋಗುವ ಮೊದಲು ಒಂದು ಬಿಸಿಲಿನ ದಿನ ಏಣಿ ಹಚ್ಚಿ, ಮಾಳಿಗೆಯ ನೀರು ಯಾವ ಕಡೆಗೆ ಹೋಗುತ್ತದೆಂಬುದನ್ನು ನೋಡಿ ಬನ್ನಿರಿ.