ಸಮ್ಮೇಳನದ ಕೊನೆಯ ದಿನ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ನಿನ್ನ ಕೆಲಸದ ಬಗ್ಗೆ ಹತ್ತು ನಿಮಿಷ ಮಾತಾಡು ಎಂದು ಸಮಿತಿಯವರು ಹೇಳಿದ್ದಾರೆ. ಬೆಂಗಳೂರಿನ ಒಂದು ಕಂಪೆನಿಯ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಹಾಗೆಂದರೆ ಊರಲ್ಲಿ, "ಓ, ವಾಚ್‌ಮನ್ ಕೆಲಸವಾ?" ಎಂದು ಕೇಳುತ್ತಾರೆ. ಹೆಚ್ಚುಕಡಿಮೆ ಅದೇ. ಆದರೆ ಇವತ್ತು ಹೇಳುವುದು ಆ ವಾಚ್‌ಮನ್ ನಿದ್ದೆ ಮಾಡಿದ ಕಥೆ. ಪಕ್ಕದ ಮನೆಯ ದೊಡ್ಡಮ್ಮನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. "ಹೇಳು ಮಾರಾಯಾ, ಹೆಸರು ಮಾತ್ರ ಬೇಡ" ಎಂದಿದ್ದಾರೆ.

2020ರ ಆಗಸ್ಟ್. ಕೊರೊನಾದಿಂದಾಗಿ ನಾನು ಮಟ್ಟುವಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ನಮ್ಮ ಕಸುಬಿನವರಿಗೆ ಡೆಫ್ ಕಾನ್ ಎಂಬ ಸಮ್ಮೇಳನವೆಂದರೆ ಊರ ಜಾತ್ರೆ ಇದ್ದ ಹಾಗೆ. 1993ರಲ್ಲಿ ಜೆಫ್ ಮಾಸ್ ಎಂಬವರು ಅಮೆರಿಕದ ಲಾಸ್ ವೇಗಸ್‌ನಲ್ಲಿ ಶುರು ಮಾಡಿದ್ದು. "ಈ ಸಲ ಡೆಫ್ ಕಾನ್ ರದ್ದಂತೆ" ಎಂದು ಪ್ರತಿವರ್ಷ ತಮಾಷೆ ಮಾಡುವುದು ಅವರ ರೂಢಿ. ಆ ವರ್ಷ ತಮಾಷೆ ನಿಜವಾಯಿತು. ಆಗಸ್ಟ್ 6ರಿಂದ 9ರವರೆಗೆ ಎಲ್ಲವೂ ಅಂತರ್ಜಾಲದಲ್ಲೇ ನಡೆಯಿತು. ಅದಕ್ಕೆ ಅವರಿಟ್ಟ ಹೆಸರು 'ಸೇಫ್ ಮೋಡ್'. ಕಂಪ್ಯೂಟರು ಕೆಟ್ಟಾಗ ತೀರಾ ಬೇಕಾದಷ್ಟನ್ನೇ ಇಟ್ಟುಕೊಂಡು ಓಡಿಸುವ ಕ್ರಮಕ್ಕೆ ಹಾಗೆನ್ನುತ್ತಾರೆ. ಆಗ ನಾವೆಲ್ಲ ಬದುಕುತ್ತಿದ್ದದ್ದೂ ಹಾಗೆಯೇ ಅಲ್ಲವೇ?

ಲಾಸ್ ವೇಗಸ್‌ಗೆ ಹೋಗುವ ಖರ್ಚು ನನ್ನಿಂದಾಗುವುದಲ್ಲ. ಆ ವರ್ಷ ಅದೇ ನಮ್ಮ ಜಗಲಿಗೆ ಬಂತು. ಅಲ್ಲಿಗೂ ಇಲ್ಲಿಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಅಲ್ಲಿ ಭಾನುವಾರ ಮಧ್ಯಾಹ್ನವಾದರೆ ಇಲ್ಲಿ ನಡುರಾತ್ರಿ ಕಳೆದಿರುತ್ತದೆ. ಹೊರಗೆ ಮಳೆ, ಆಚೆ ಕಡಲಿನ ಅಬ್ಬರ. ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್. ಅಲ್ಲಿ ಕೂತು ಉಪಗ್ರಹದ ಸ್ಪರ್ಧೆಯ ಸುದ್ದಿ ಕೇಳಿದೆ. ಅಮೆರಿಕದ ವಾಯುಪಡೆ ನಡೆಸಿದ ಆ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಎಂಟು ತಂಡಗಳು. ಆಕಾಶದಲ್ಲಿ ಸುತ್ತುತ್ತಿರುವ ನಿಜವಾದ ಉಪಗ್ರಹವನ್ನು ತಿರುಗಿಸಿ ಅದರಿಂದ ಚಂದ್ರನ ಫೋಟೋ ತೆಗೆಸುವುದೂ ಒಂದು ಸವಾಲು! ಕೊನೆಯ ದಿನದ ಸಮಾರೋಪ ಮುಗಿಯುವಾಗ ಇಲ್ಲಿ ಸೋಮವಾರ ಬೆಳಗಿನ ಜಾವ. ಇಂಥವರ ಬಳಗದಲ್ಲಿ ನಾನೂ ಒಬ್ಬ ಎಂಬ ಹೆಮ್ಮೆಯಲ್ಲೇ, "ಹನ್ನೊಂದರವರೆಗೆ ಎಬ್ಬಿಸಬೇಡ" ಎಂದು ಅಮ್ಮನಿಗೆ ಹೇಳಿ ಮಲಗಿದೆ.

ಅದೇ ಬೆಳಿಗ್ಗೆ ಎಂಟರ ಹೊತ್ತಿಗೆ ದೊಡ್ಡಮ್ಮನಿಗೆ ಒಂದು ಫೋನ್ ಬಂತು. ನಿಮ್ಮ ಸಿಮ್ಮಿನ ಕೆವೈಸಿ ಆಗಿಲ್ಲ, ಇವತ್ತೇ ಬಂದ್ ಆಗುತ್ತದೆ ಎಂದು. ಶಾಲೆ ಮುಚ್ಚಿತ್ತು, ಮೊಮ್ಮಗಳ ಪಾಠ ಬರುತ್ತಿದ್ದದ್ದು ಅದೇ ಫೋನಿಗೆ. ಫೋನ್ ಬಂದ್ ಆದರೆ ಪಾಠವೂ ಬಂದ್. ಆ ಮನುಷ್ಯ ಹೇಳಿದ ಆಪನ್ನು ಮೊಮ್ಮಗಳು ಹಾಕಿಕೊಟ್ಟಳು. ಇಂಗ್ಲಿಷಿನಲ್ಲಿ ಏನೋ ಕೇಳಿತು, 'ಅಲೋ' ಒತ್ತಿದಳು. ಆಮೇಲೆ ಹತ್ತು ರೂಪಾಯಿ ಶುಲ್ಕವೆಂದು ಎಟಿಎಂ ಕಾರ್ಡಿನ ನಂಬರು ಹಾಕಿಸಿದ. ಹತ್ತೊಂಬತ್ತು ಸಾವಿರ ಹೋಯಿತು.

ದೊಡ್ಡಮ್ಮ ಹೆದರಿ ಫೋನ್ ಹಿಡಿದುಕೊಂಡೇ ನಮ್ಮ ಮನೆಗೆ ಬಂದರು. "ಅವನು ಬೆಳಿಗ್ಗೆ ಮಲಗಿದ್ದಷ್ಟೆ" ಎಂದರು ಅಮ್ಮ. "ಮಲಗಲಿ, ಪಾಪ" ಎಂದು ಇವರು ಜಗಲಿಯಲ್ಲೇ ಕೂತರು. ಏನು ವಿಷಯವೆಂದು ಅಮ್ಮನಿಗೂ ಹೇಳಲಿಲ್ಲ, ನಾಚಿಕೆ. ಸಮ್ಮೇಳನ ನೋಡಲು ನಾನು ಕೂತಿದ್ದ ಅದೇ ಮೂಲೆ, ಒಳ್ಳೆಯ ಸಿಗ್ನಲ್ ಇರುವ ಜಾಗ. ಸೆರಗಿನಲ್ಲಿ ಮುಚ್ಚಿಟ್ಟ ಫೋನಿನಲ್ಲಿ ಆ ಆಪ್ ನಡೆಯುತ್ತಲೇ ಇತ್ತು. ಅದು ಫೋನಿನ ಪರದೆಯನ್ನು ದೂರದಲ್ಲಿ ಕೂತವನಿಗೆ ಹಾಗೆಯೇ ತೋರಿಸುವ ಆಪ್. ಕಾರ್ಡಿನ ನಂಬರು ಅವನ ಹತ್ತಿರ ಇತ್ತು. ಒಟಿಪಿ ಬಂದ ಹಾಗೆಲ್ಲ ಅಲ್ಲಿಂದಲೇ ಓದಿಕೊಂಡ. ಒಂಬತ್ತಕ್ಕೆ ಇಪ್ಪತ್ತು ಸಾವಿರ, ಹತ್ತೂ ಮುಕ್ಕಾಲಿಗೆ ಏಳು ಸಾವಿರ. ಮಳೆ ಕಡಿಮೆಯಾದ ಮೇಲೆ ಗುಳ್ಳದ ಗದ್ದೆಗೆ ಬೇಕೆಂದು ಇಟ್ಟ ಹಣ.

ನಾನು ಎದ್ದು ಬಂದಾಗ ಅವರು ಹೇಳಿದ ಮೊದಲ ಮಾತು: "ನೀನು ಹೇಳಿದ ಹಾಗೆ ಒಟಿಪಿ ಯಾರಿಗೂ ಹೇಳಲಿಲ್ಲ ಮಗಾ."

ನಿಜ. ಅವರು ಹೇಳಿರಲಿಲ್ಲ. ಊರಿಗೆ ಬಂದಾಗಲೆಲ್ಲ ಎಲ್ಲರಿಗೂ ನಾನು ಕಲಿಸಿದ್ದು ಅದೊಂದೇ ವಾಕ್ಯ. ಅದನ್ನವರು ಚಾಚೂ ತಪ್ಪದೆ ಪಾಲಿಸಿದ್ದರು. ಇಂಥ ಆಪ್‌ನಿಂದ ಹಣ ಹೋಗುತ್ತದೆಂದು 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕ್ ಬ್ಯಾಂಕುಗಳನ್ನು ಎಚ್ಚರಿಸಿತ್ತು. ನಾನೂ ಓದಿದ್ದೆ. ಕಂಪೆನಿಯಲ್ಲಿ ಅದರ ಬಗ್ಗೆ ಭಾಷಣವನ್ನೂ ಮಾಡಿದ್ದೆ. ಪಕ್ಕದ ಮನೆಗೆ ಹೇಳಿರಲಿಲ್ಲ.

ಫೋನಿನ ನೆಟ್ ನಿಲ್ಲಿಸಿದೆ, ಬ್ಯಾಂಕಿಗೆ ಹೇಳಿ ಕಾರ್ಡ್ ಮುಚ್ಚಿಸಿದೆ. ಸರಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಬರೆದು, ಉಡುಪಿಯ ಸೆನ್ ಠಾಣೆಗೂ ಹೋಗಿ ಬಂದೆವು. ಖಾತೆಯಲ್ಲಿ ಉಳಿದದ್ದು ಉಳಿಯಿತು, ಹೋದದ್ದು ಬರಲಿಲ್ಲ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರ ಎಚ್ಚರ ತಪ್ಪಿ ಹಣ ಹೋದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು, ತಿಳಿಸಿದ ಮೇಲಿನದು ಬ್ಯಾಂಕಿನದು. ಅಂದರೆ ಲೆಕ್ಕ ನಿಮಿಷದ್ದು. ದೊಡ್ಡಮ್ಮ ಬಂದ ಕೂಡಲೇ ಎದ್ದಿದ್ದರೆ ಇಪ್ಪತ್ತೇಳು ಸಾವಿರ ಉಳಿಯುತ್ತಿತ್ತು. ಅಷ್ಟನ್ನಾದರೂ ಕೊಡುತ್ತೇನೆಂದೆ. "ನೀನು ಕದ್ದದ್ದಾ?" ಎಂದು ಬೈದರು. ತೆಗೆದುಕೊಳ್ಳಲಿಲ್ಲ.

ಹಣಕ್ಕಿಂತ ಹೆಚ್ಚು ನೋಯಿಸಿದ್ದು ಬೇರೆ. ಇದೇ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿದ್ದ ಆ ಮೊಮ್ಮಗಳು, ತಾನು ಒತ್ತಿದ ಬಟನ್‌ನಿಂದ ಹೀಗಾಯಿತೆಂದು ಫೋನ್ ಮುಟ್ಟುವುದನ್ನೇ ಬಿಟ್ಟಳು. ಎರಡು ವಾರ ಪಾಠ ತಪ್ಪಿತು. ಆಕಾಶದ ಉಪಗ್ರಹವನ್ನು ತಿರುಗಿಸುವವರ ಮಾತು ರಾತ್ರಿಯಿಡೀ ಕೇಳಿದವನಿಗೆ ಹದಿಮೂರು ವರ್ಷದ ಹುಡುಗಿಯನ್ನು ಸಮಾಧಾನ ಮಾಡುವುದು ಹೇಗೆಂದು ಗೊತ್ತಾಗಲಿಲ್ಲ. ಕೊನೆಗೆ ನನ್ನ ಕಂಪ್ಯೂಟರಿನಲ್ಲಿ ಅದೇ ಆಪ್ ಹಾಕಿ, ಅವನು ಹೇಗೆ ನೋಡಿದನೆಂದು ಅವಳಿಗೇ ಮಾಡಿ ತೋರಿಸಿದೆ. ಆಮೇಲೆ ಅವಳೇ ಕೇರಿಯ ಹೆಂಗಸರಿಗೆ ತೋರಿಸಿದಳು, ನನಗಿಂತ ಚೆನ್ನಾಗಿ, ತುಳುವಿನಲ್ಲಿ.

ಆಗ ಇಲ್ಲದ ಒಂದು ವ್ಯವಸ್ಥೆ ಈಗ ಇದೆ. 2021ರಲ್ಲಿ ಕೇಂದ್ರ ಗೃಹ ಸಚಿವಾಲಯ ಒಂದು ಸಹಾಯವಾಣಿ ಶುರು ಮಾಡಿತು, ಈಗ ಅದರ ನಂಬರು 1930. ಕೂಡಲೇ ಕರೆ ಮಾಡಿದರೆ, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುವ ದಾರಿಯಲ್ಲೇ ಅದನ್ನು ತಡೆಯಲು ನೋಡುತ್ತಾರೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಆ ನಂಬರನ್ನು ಇವತ್ತು ನೋಟಿಸ್ ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿದ್ದೇನೆ. ನನ್ನ ನಂಬರನ್ನೂ ಅದರ ಕೆಳಗೆ ಬರೆದಿದ್ದೇನೆ. ನಾನು ಊರಲ್ಲಿದ್ದರೆ ಮನೆಗೇ ಬನ್ನಿ. ಮಲಗಿದ್ದಾನೆ ಎಂದು ಅಮ್ಮ ಹೇಳಿದರೆ ಜಗಲಿಯಲ್ಲಿ ಕೂರಬೇಡಿ, ಒಳಗೆ ಬಂದು ಎಬ್ಬಿಸಿ. ಅಮ್ಮನಿಗೂ ಹೇಳಿಟ್ಟಿದ್ದೇನೆ.